ಎದುರು ರಂಗದ ಭಾಗವತರು

ದುಡ್ಡು ಕೊಟ್ಟು ಚೀಟಿ ಕೊಂಡವನಿಗೆ ಆಟವನ್ನು ನೋಡುವ ಹಕ್ಕುಂಟೇ ಹೊರತು ಆಡುವವರ ಮೇಲೆ ಯಾವ ಹಕ್ಕೂ ಇಲ್ಲ. ಇದು ನ್ಯಾಯವಾದ ಮಾತು. ಆದರೆ ಪ್ರೇಕ್ಷಕನ ಮನಸ್ಸು ನ್ಯಾಯಸ್ಥಾನದಲ್ಲಿ ಬೆಳೆದುದಲ್ಲ. ಹತ್ತು ರಾತ್ರಿ ನಿದ್ದೆಗೆಟ್ಟು ಒಬ್ಬ ಭಾಗವತರ ಪದ್ಯವನ್ನು ಕೇಳಿದವನು, ಅವರು ಹನ್ನೊಂದನೆಯ ರಾತ್ರಿ ಬೇರೆ ಮೇಳದ ರಂಗಸ್ಥಳದಲ್ಲಿ ತಾಳ ಹಿಡಿದರೆಂದು ಕೇಳಿದೊಡನೆ, ತನ್ನ ಮನೆಯ ಕಣಜದಿಂದ ಯಾರೋ ಭತ್ತವನ್ನು ಹೊತ್ತೊಯ್ದಂತೆ ಕಂಗೆಡುತ್ತಾನೆ. ಆ ಭತ್ತ ತನ್ನದೆಂದು ಅವನಿಗೆ ಹೇಳಿದವರು ಯಾರೂ ಇಲ್ಲ; ತನ್ನದಲ್ಲವೆಂದು ಹೇಳಿದರೆ ಮಾತ್ರ ಜಗಳಕ್ಕೆ ಬರುತ್ತಾನೆ.

ಭಟ್ಕಳದಿಂದ ಕುಮಟೆಯವರೆಗಿನ ಸೀಮೆಗೆ ಈ ಕಂಗೆಡುವಿಕೆ ಹೊಸತಲ್ಲ. ಮಳೆ ಹಿಂದೆಗೆದು ದೀಪಾವಳಿ ಹತ್ತಿರವಾಯಿತೆಂದರೆ, ಈ ವರ್ಷ ಯಾವ ಮೇಳಕ್ಕೆ ಯಾರು ಸೇರಿದರು, ಯಾರು ಬಿಟ್ಟರು ಎಂಬ ಮಾತು ಅಂಗಡಿಯ ಜಗುಲಿಗಳಲ್ಲಿಯೂ ದೇವಸ್ಥಾನದ ಹೆಬ್ಬಾಗಿಲಲ್ಲಿಯೂ ನಡೆಯುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಹೊನ್ನಾವರ ತಾಲೂಕಿನಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಆ ಮಂಡಳಿ ಮನೆತನದ ತಲೆಮಾರುಗಳನ್ನು ಹಿಡಿದುಕೊಂಡೇ ಬೆಳೆಯಿತು. ಎಲ್ಲ ಮೇಳಗಳ ಕಥೆಯೂ ಹಾಗಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂತಹ ಮಹಾ ಕಲಾವಿದರು ಹಲವು ಮೇಳಗಳಲ್ಲಿ ಗೆಜ್ಜೆ ಕಟ್ಟಿದರು. 2012ರಲ್ಲಿ ಪದ್ಮಶ್ರೀ ಪಡೆದು 2017ರಲ್ಲಿ ಅಸ್ತಂಗತರಾದ ಅವರು ಎಲ್ಲಿ ಕುಣಿದರೋ ಜನರು ಅಲ್ಲಿಗೆ ಹೋದರು. ಯಕ್ಷಗಾನದ ಪ್ರೇಕ್ಷಕನಿಗೆ ಈ ಒಂದು ಸೌಕರ್ಯವುಂಟು. ವೇಷಧಾರಿ ಮೇಳವನ್ನು ಬಿಟ್ಟರೆ ಪ್ರೇಕ್ಷಕನೂ ಬಿಡಬಹುದು. ಯಾರೂ ಅವನನ್ನು ದ್ರೋಹಿಯೆನ್ನುವುದಿಲ್ಲ.

ಕಾಲ್ಚೆಂಡಾಟದ ಅಭಿಮಾನಿಗೆ ಆ ಸೌಕರ್ಯವಿಲ್ಲ. ಅವನು ತನ್ನ ತಂಡಕ್ಕೆ ಅಂಟಿಕೊಂಡೇ ಇರಬೇಕು. ಆಟಗಾರರು ಬರುವರು, ಹೋಗುವರು. ತರಬೇತುದಾರರಂತೂ ಮಳೆಗಾಲದ ಅತಿಥಿಗಳು. ಅಂಗಿಯ ಬಣ್ಣವೊಂದೇ ಉಳಿಯುವುದು. ಹೀಗಿರಲು, ಹೋದವನೊಬ್ಬನು ಬೇರೆ ಬಣ್ಣದ ತಂಡವನ್ನು ಕರೆದುಕೊಂಡು ಅದೇ ಮೈದಾನಕ್ಕೆ ಮರಳಿ ಬಂದರೆ ಏನು ಮಾಡುವುದು? ಬೆಳಕೆಯ ಕಡೆಯ ಒಬ್ಬ ತರುಣನನ್ನು 2023ನೆಯ ಇಸವಿಯ ಶರತ್ಕಾಲದಲ್ಲಿ ಈ ಪ್ರಶ್ನೆ ಸಾಕಷ್ಟು ಕಾಡಿತು.

ತರುಣನು ಹುಟ್ಟಿನಿಂದ ಕಾಲ್ಚೆಂಡಿನವನಲ್ಲ. ಊರಿನ ಗದ್ದೆಯಲ್ಲಿ ಕೊಯ್ಲಾದ ಮೇಲೆ ಕ್ರಿಕೆಟ್ ಆಡಿದವನು. ಉದ್ಯೋಗಕ್ಕೆಂದು ಬೆಂಗಳೂರನ್ನು ಸೇರಿ, ಕೊಠಡಿಯ ಸಹವಾಸಿಯ ಒತ್ತಾಯದಿಂದ ಒಂದು ಸಂಜೆ ಕಂಠೀರವ ಕ್ರೀಡಾಂಗಣಕ್ಕೆ ಹೋದವನು. ಆಫ್‌ಸೈಡ್ ಎಂದರೇನೆಂದು ಅಂದು ಅವನಿಗೆ ತಿಳಿದಿರಲಿಲ್ಲ. ಪಶ್ಚಿಮದ ಪಾರ್ಶ್ವದಲ್ಲಿ ನೀಲಿ ಬಣ್ಣ ತೊಟ್ಟು ನಿಂತು, ತೊಂಬತ್ತು ನಿಮಿಷವೂ ಕೂಡದೆ ಹಾಡುವ ಗುಂಪೊಂದನ್ನು ಕಂಡನು; ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದರು. ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಊರನ್ನು ಬಿಟ್ಟು ಬಂದವನಿಗೆ ಸಾವಿರಾರು ಜನರ ನಡುವೆ ಒಂದು ಸ್ಥಳ ದೊರಕಿತು. ಊರಿನಲ್ಲಿ ಮನೆ ಯಾವುದು, ಕುಲ ಯಾವುದು ಎಂದು ಕೇಳುವ ಪದ್ಧತಿ. ಇಲ್ಲಿ ಅದಾವುದನ್ನೂ ಕೇಳದೆ ಪಕ್ಕದವನು ಹೆಗಲ ಮೇಲೆ ಕೈಹಾಕಿದನು. ಆಟ ಅರ್ಥವಾದದ್ದು ಆಮೇಲೆ.

ಆ ತಂಡದ ಚರಿತ್ರೆಯೇ ಚಿಕ್ಕದು. ಬೆಂಗಳೂರು ಎಫ್.ಸಿ. ಸ್ಥಾಪನೆಯಾದುದು 2013ರಲ್ಲಿ. ಆಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷರು ಮೊದಲ ತರಬೇತುದಾರರು. ಸುನಿಲ್ ಚೆಟ್ರಿ ನಾಯಕ. ಮೊದಲನೆಯ ವರ್ಷವೇ, 2014ರ ಏಪ್ರಿಲ್‌ನಲ್ಲಿ, ಗೋವೆಯ ಫತೋರ್ಡಾದಲ್ಲಿ ಡೆಂಪೊ ತಂಡವನ್ನು ಸೋಲಿಸಿ ಐ-ಲೀಗನ್ನು ಗೆದ್ದರು. 2016ರಲ್ಲಿ ಅದೇ ಕಿರೀಟವನ್ನು ಎರಡನೆಯ ಸಲ ಗೆದ್ದು ವೆಸ್ಟ್‌ವುಡ್ಡರು ಹೊರಟರು. ಬಳಿಕ ಸ್ಪೇನಿನಿಂದ ಆಲ್ಬರ್ಟ್ ರೋಕಾ ಬಂದರು. ಅವರೊಡನೆ ಸಹಾಯಕರಾಗಿ ಬಂದವರು ಬಾರ್ಸಿಲೋನದ ಕಾರ್ಲೆಸ್ ಕ್ವಾದ್ರಾತ್. ಅದೇ 2016ರ ನವೆಂಬರಿನಲ್ಲಿ ತಂಡವು ದೋಹಾದಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನಾಡಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಯವರೆಗೆ ಹೋಗಿರಲಿಲ್ಲ. ಇರಾಕಿನ ತಂಡಕ್ಕೆ ಒಂದು ಗೋಲಿನಿಂದ ಸೋತರೂ ಬೆಂಗಳೂರಿನಲ್ಲಿ ಅದನ್ನು ಸೋಲೆಂದು ಎಣಿಸಿದವರು ಕಡಮೆ. 2018ರ ಮಾರ್ಚ್ 17ರ ಸೋಲು ಅಂಥದಲ್ಲ. ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ, ತಮ್ಮದೇ ಕಂಠೀರವ, ಮೊದಲ ಗೋಲು ಚೆಟ್ರಿಯದೇ. ಆದರೂ ಚೆನ್ನೈಯವರು 3–2ರಿಂದ ಗೆದ್ದು ಕಪ್ಪನ್ನು ಒಯ್ದರು. ಆ ರಾತ್ರಿ ತರುಣನು ಕಬ್ಬನ್ ಉದ್ಯಾನದ ಪಕ್ಕದಲ್ಲಿ ಎಷ್ಟು ಸುತ್ತಿದನೋ ಅವನಿಗೇ ನೆನಪಿಲ್ಲ.

ರೋಕಾ ಹೋದ ಮೇಲೆ ಸಹಾಯಕರಾಗಿದ್ದ ಕ್ವಾದ್ರಾತರೇ ಮುಖ್ಯರಾದರು. ಸರಿಯಾಗಿ ಒಂದು ವರ್ಷದ ಬಳಿಕ, 2019ರ ಅದೇ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾ ತಂಡದೊಡನೆ ಅಂತಿಮ ಪಂದ್ಯ. ತೊಂಬತ್ತು ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯವೂ ತೀರುತ್ತ ಬಂದಿತ್ತು. ಆಗ ದಿಮಾಸ್ ದೆಲ್ಗಾಡೊ ಮೂಲೆಯಿಂದ ಎತ್ತಿ ಒದ್ದ ಚೆಂಡಿಗೆ ರಾಹುಲ್ ಭೇಕೆ ತಲೆಗೊಟ್ಟನು. ಒಂದೇ ಗೋಲು, ಕಪ್ಪು ಬೆಂಗಳೂರಿನದು. ಕೃತಜ್ಞತೆಯೆಂಬುದನ್ನು ತಾರೀಖು ಹಾಕಿ ಬರೆಯುವುದಾದರೆ ಕ್ವಾದ್ರಾತರ ಹೆಸರಿನ ಮುಂದೆ ಆ ದಿನವನ್ನೇ ಬರೆಯಬೇಕು.

ಇಷ್ಟಾದರೂ ಅವರನ್ನು ಎಲ್ಲರೂ ಮೆಚ್ಚಿದರೆಂದಲ್ಲ. ರಕ್ಷಣೆಯಲ್ಲಿ ಬಿಗಿ, ಆಕ್ರಮಣದಲ್ಲಿ ಜಿಪುಣತನ ಎಂಬುದು ಅವರ ಆಟದ ಮೇಲಣ ದೂರು. ಮೂಲೆಯ ಒದೆತ, ದೂರದ ಎಸೆತ, ನಿಂತ ಚೆಂಡು—ಇವುಗಳಿಂದ ಗೋಲನ್ನು ಸಂಪಾದಿಸಿ, ಸಂಪಾದಿಸಿದ್ದನ್ನು ಗಂಟುಕಟ್ಟಿ ಕಾಯುವುದು ಅವರ ರೀತಿ. ಮನೆವಾರ್ತೆಯನ್ನು ಬಲ್ಲವರಿಗೆ ಇದು ಗುಣವಾಗಿ ಕಾಣಬಹುದು. ಹಬ್ಬದೂಟಕ್ಕೆಂದು ಬಂದವರು ಎಲೆಯ ಮುಂದೆ ಕುಳಿತು ಗೊಣಗಿದರೆ ಅದೂ ತಪ್ಪಲ್ಲ. ತರುಣನು ಗೆದ್ದಾಗ ಹೊಗಳಿ ಸೋತಾಗ ಗೊಣಗುತ್ತಿದ್ದನು. ಆದುದರಿಂದ ಅವನೂ ಲೋಕದಂತೆಯೇ.

ತರಬೇತುದಾರನ ಕೆಲಸವೇನೆಂದು ಊರಿನ ಸೋದರಮಾವನಿಗೆ ವಿವರಿಸಲು ಅವನು ಒಮ್ಮೆ ಬಹಳ ಪ್ರಯಾಸಪಟ್ಟನು. ಮಾವನು ಚಿಕ್ಕಂದಿನಿಂದ ಆಟದ ಹುಚ್ಚಿನವನು. ಆಟವೆಂದರೆ ಆ ಸೀಮೆಯಲ್ಲಿ ಯಕ್ಷಗಾನವೇ. ಓಡದೆ, ಒದೆಯದೆ, ಗೆರೆಯ ಹೊರಗೆ ನಿಂತು ಕೈಬೀಸುವವನಿಗೆ ಇಷ್ಟು ಸಂಬಳವೇಕೆಂದು ಮಾವನು ಕೇಳಿದನು. ತರುಣನು ಯೋಚಿಸಿ, “ಅವರು ನಿಮ್ಮ ಭಾಗವತರಿದ್ದ ಹಾಗೆ ಮಾವ,” ಎಂದನು.

ಅದರ ಮೇಲೆ ವಿವರಣೆಯೇ ಬೇಕಾಗಲಿಲ್ಲ. ಭಾಗವತನನ್ನು ಒಂದನೆಯ ವೇಷವೆಂದು ಕರೆಯುವರು. ಬಣ್ಣ ಹಚ್ಚುವುದಿಲ್ಲ, ಗೆಜ್ಜೆ ಕಟ್ಟುವುದಿಲ್ಲ. ಆದರೂ ಅವನೇ ಒಂದನೆಯವನು. ಕಥಾನಾಯಕನಾಗಿ ಕುಣಿಯುವವನು ಎಷ್ಟು ದೊಡ್ಡವನಾದರೂ ಎರಡನೆಯ ವೇಷವೇ. ಯಾವ ಪದ್ಯವನ್ನು ಎಳೆಯಬೇಕು, ಯಾವುದನ್ನು ಮೊಟಕುಮಾಡಬೇಕು, ದಣಿದ ವೇಷಧಾರಿಯನ್ನು ಯಾವ ಮಟ್ಟಿನಿಂದ ಎಬ್ಬಿಸಬೇಕು, ಸೊಕ್ಕಿದವನನ್ನು ಯಾವ ತಾಳದಿಂದ ಕಟ್ಟಿಹಾಕಬೇಕು ಎಂಬುದೆಲ್ಲ ಅವನ ಕೈಯಲ್ಲಿ. ರಾತ್ರಿ ಎರಡು ಗಂಟೆಗೆ ತೂಕಡಿಸುವ ಜನರನ್ನು ನೋಡಿ ಅವನು ಪ್ರಸಂಗದ ಓಟವನ್ನೇ ಬದಲಿಸಬಲ್ಲನು. ಆಟ ಕಳೆಗಟ್ಟಿದರೆ ಹಾರ ವೇಷಧಾರಿಯ ಕೊರಳಿಗೆ. ಕೆಟ್ಟರೆ ‘ಭಾಗವತರೇ ಸರಿಯಿಲ್ಲ’. ಮಾವನು ಇದನ್ನೆಲ್ಲ ಬಲ್ಲವನಾದುದರಿಂದ ಅಂದಿನಿಂದ ಕ್ವಾದ್ರಾತರನ್ನು ‘ನಿನ್ನ ಭಾಗವತರು’ ಎಂದೇ ಕರೆಯತೊಡಗಿದನು.

2020ರ ಮಾರ್ಚ್ ಒಂದರಂದು ಕಂಠೀರವದಲ್ಲಿ ಕೊಲ್ಕತ್ತೆಯ ಎ.ಟಿ.ಕೆ. ತಂಡದೊಡನೆ ಉಪಾಂತ್ಯದ ಮೊದಲ ಪಂದ್ಯ ನಡೆಯಿತು. ಬೆಂಗಳೂರು ಒಂದು ಗೋಲಿನಿಂದ ಗೆದ್ದಿತು. ವಾರ ಕಳೆದು ಕೊಲ್ಕತ್ತೆಯಲ್ಲಿ 3–1ರಿಂದ ಸೋತು ಹೊರಬಿದ್ದಿತು. ಬರುವ ವರ್ಷ ನೋಡೋಣ ಎಂದುಕೊಂಡು ಜನರು ಮನೆಗೆ ಹೋದರು. ಬರುವ ವರ್ಷ ಯಾರಿಗೂ ಬರಲಿಲ್ಲ. ಕೋವಿಡ್ ವ್ಯಾಧಿ ಬಂದಿತು. ತರುಣನು ಊರನ್ನು ಸೇರಿ, ಮಾಳಿಗೆಯ ಕಿಟಕಿಯ ಬಳಿ ಮೇಜನ್ನಿಟ್ಟುಕೊಂಡು ಕಚೇರಿಯ ಕೆಲಸ ಮಾಡತೊಡಗಿದನು. ಲೀಗಿನ 2020–21ರ ಎಲ್ಲ ಪಂದ್ಯಗಳನ್ನೂ ಗೋವೆಯ ಮೂರು ಮೈದಾನಗಳಲ್ಲಿ ನಡೆಸಲು ನಿಶ್ಚಯವಾಯಿತು. ಪ್ರೇಕ್ಷಕರಿಗೆ ಮಾತ್ರ ಪ್ರವೇಶವಿಲ್ಲ.

ಇದರ ವಿಪರ್ಯಾಸವನ್ನು ಈ ಕರಾವಳಿಯವರಷ್ಟು ಇನ್ನಾರೂ ಅನುಭವಿಸಿರಲಾರರು. ಒಂದು ರಾತ್ರಿಯ ದೂರದಲ್ಲಿದ್ದ ತಂಡವು, ಕೊಂಕಣ ರೈಲಿನಲ್ಲಿ ಮೂರು ಗಂಟೆಯ ಸುಮಾರಿನ ದಾರಿಗೆ ತಾನಾಗಿ ಬಂದು ಬಿಡಾರ ಮಾಡಿತ್ತು. ಬೆಳಕೆಯ ತರುಣನಿಗೆ ತನ್ನವರು ಅಷ್ಟು ಹತ್ತಿರ ಎಂದೂ ಇರಲಿಲ್ಲ. ಅಷ್ಟು ದೂರವೂ ಎಂದೂ ಇರಲಿಲ್ಲ. ಅವನು ಕೈಯಗಲದ ಮೊಬೈಲಿನಲ್ಲಿ ಬರಿದಾದ ಆಸನಗಳ ನಡುವಣ ಆಟವನ್ನು ನೋಡಿದನು. ಡಿಸೆಂಬರಿನ ಕೊನೆಯಲ್ಲಿ ಮೋಹನ್ ಬಗಾನಿನವರಿಗೂ ಜಮ್‌ಶೆಡ್‌ಪುರದವರಿಗೂ ಒಂದೊಂದು ಗೋಲಿನಿಂದ ಸೋಲು. 2021ರ ಜನವರಿ 5ರಂದು ಮುಂಬಯಿಯವರಿಗೆ 3–1ರ ಸೋಲು. ಸಾಲಾಗಿ ಮೂರು. ಮರುದಿನವೇ ಕ್ವಾದ್ರಾತರೂ ಕ್ಲಬ್ಬೂ ಪರಸ್ಪರ ಸಮ್ಮತಿಯಿಂದ ಬೇರೆಯಾದರೆಂದು ಪ್ರಕಟವಾಯಿತು. ‘ಪರಸ್ಪರ ಸಮ್ಮತಿ’ ಎಂಬ ಮಾತಿನಲ್ಲಿ ಪ್ರೇಕ್ಷಕನ ಸಮ್ಮತಿ ಸೇರಿರುವುದಿಲ್ಲ. ಅವನನ್ನು ಕೇಳುವ ಪದ್ಧತಿಯೂ ಇಲ್ಲ, ಇರಬೇಕೆಂದೂ ಅಲ್ಲ.

ಕನ್ನಡದ ಮನೆಗಳಲ್ಲಿ ಹೊರಟವನು ‘ಹೋಗುತ್ತೇನೆ’ ಎನ್ನುವುದಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ಮನೆಯವರು ಬಾಗಿಲವರೆಗೆ ಬಂದು ‘ಬನ್ನಿ’ ಎನ್ನುತ್ತಾರೆ. ಹೋಗುವವನಿಗೆ ಬನ್ನಿ ಎನ್ನುವುದು ಪರದೇಶದವರಿಗೆ ನಗೆಯಾಗಿ ಕಾಣಬಹುದು. ಆದರೆ ಆ ಎರಡು ಮಾತಾಗದೆ ಹೋದವನು ಹೋದಂತೆ ಆಗುವುದಿಲ್ಲ. ಅವನ ಚಪ್ಪಲಿ ಜಗುಲಿಯಲ್ಲಿಯೇ ಉಳಿದಿರುವಂತೆ ಮನೆಯವರಿಗೆ ತೋರುತ್ತಿರುತ್ತದೆ. ಕಂಠೀರವದ ಜನರ ಸ್ಥಿತಿ ಹೀಗೇ ಆಯಿತು. ಕಪ್ಪು ತಂದುಕೊಟ್ಟವರನ್ನು ಅವರು ಕೊನೆಯ ಸಲ ಕಂಡದ್ದು 2020ರ ಮಾರ್ಚ್ ಒಂದರಂದು. ಅದು ಕೊನೆಯ ಸಲವೆಂದು ಅಂದು ಯಾರಿಗೂ ಗೊತ್ತಿರಲಿಲ್ಲ.

ಮುಂದೆ 2023ರಲ್ಲಿ ಕ್ವಾದ್ರಾತರು ಕೊಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ತರಬೇತುದಾರರಾದರು. 1920ರಲ್ಲಿ ಹುಟ್ಟಿದ ಕ್ಲಬ್ಬು. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದವರು ಎದೆಗೊತ್ತಿಕೊಂಡ ಕ್ಲಬ್ಬು. ಕೆಂಪು ಹೊನ್ನಿನ ಬಣ್ಣದ್ದು. ಆ ವರ್ಷ ಅಲ್ಲಿ ಹರ್ಮನ್‌ಜೋತ್ ಖಾಬ್ರಾ, ನಿಶು ಕುಮಾರ್, ಕ್ಲೇಟನ್ ಸಿಲ್ವಾ ಮೊದಲಾದ ಹಳೆಯ ನೀಲಿಯವರೂ ಇದ್ದರು. ಭಾಗವತರೊಡನೆ ಎರಡನೆಯ ವೇಷವೂ ಮೂರನೆಯ ವೇಷವೂ ಎದುರಿನ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದಂತಾಯಿತು. ಅಕ್ಟೋಬರ್ 4ರಂದು ಅವರೆಲ್ಲರೂ ಕಂಠೀರವಕ್ಕೆ ಬರುವರೆಂದು ವೇಳಾಪಟ್ಟಿ ಹೊರಬಿದ್ದಿತು.

ಅಷ್ಟರಲ್ಲಿ ತರುಣನು ಬೆಂಗಳೂರಿಗೆ ಮರಳಿದ್ದನು. ಅವನ ಗೆಳೆಯರಲ್ಲಿ ಎರಡು ಪಕ್ಷಗಳಾದವು. ಕಪ್ಪು ಗೆದ್ದುಕೊಟ್ಟವರನ್ನು ಎದ್ದು ನಿಂತು ಗೌರವಿಸಬೇಕೆಂದು ಒಂದು ಪಕ್ಷ. ಗೌರವವೇನಿದ್ದರೂ ಮನಸ್ಸಿನಲ್ಲಿರಲಿ, ಎದುರು ತಂಡದವನಿಗೆ ಚಪ್ಪಾಳೆ ತಟ್ಟುವ ಕೈ ತಮ್ಮ ತಂಡಕ್ಕೆ ಹೇಗೆ ತಟ್ಟೀತು ಎಂದು ಇನ್ನೊಂದು. ಈ ಎರಡನೆಯವರ ಮಾತಿಗೂ ಆಧಾರವಿತ್ತು. ಸೈಮನ್ ಗ್ರೇಸನ್ನರ ಕೈಕೆಳಗೆ ಬೆಂಗಳೂರು ಆ ವರ್ಷದ ಮೊದಲ ಎರಡು ಪಂದ್ಯಗಳನ್ನೂ ಹೊರಗೆ ಸೋತು ಬಂದಿತ್ತು, ಕೊಚ್ಚಿಯಲ್ಲಿ ಒಂದು, ಕೊಲ್ಕತ್ತೆಯಲ್ಲಿ ಒಂದು. ಮನೆಯಲ್ಲಿ ಮೂರನೆಯದನ್ನೂ, ಅದೂ ಹಳೆಯ ಯಜಮಾನನ ಕೈಯಲ್ಲಿ, ಸೋಲುವುದೆಂದರೆ ಹಾಸ್ಯವಲ್ಲ.

ಬೇರೆ ದೇಶಗಳಲ್ಲಿ ಇಂತಹ ಪ್ರಸಂಗಗಳು ನಡೆದಿರುವ ರೀತಿಯೂ ತರುಣನಿಗೆ ತಿಳಿದಿತ್ತು. ಲಂಡನ್ನಿನ ಚೆಲ್ಸಿ ತಂಡಕ್ಕೆ 2005, 2006, 2015ರಲ್ಲಿ ಮೂರು ಸಲ ಲೀಗನ್ನು ಗೆದ್ದುಕೊಟ್ಟ ಜೋಸೆ ಮೊರಿನ್ಯೊ, 2016ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನವರಾಗಿ ಅಲ್ಲಿಗೆ ಹೋದಾಗ 4–0ರಿಂದ ಸೋತರು. ಮುಂದಿನ ಮಾರ್ಚ್‌ನಲ್ಲಿ ಮತ್ತೆ ಹೋದಾಗ ಹಳೆಯ ಅಭಿಮಾನಿಗಳೇ ಏಸುವನ್ನು ಹಿಡಿದುಕೊಟ್ಟ ಯೂದನ ಹೆಸರಿನಿಂದ ಅವರನ್ನು ಹಂಗಿಸಿದರು. ಆತನು ಮೂರು ಬೆರಳುಗಳನ್ನೆತ್ತಿ ತೋರಿಸಿದನು—ಮೂರು ಕಿರೀಟಗಳ ಲೆಕ್ಕ. ಉಪಕಾರಿಯು ತನ್ನ ಉಪಕಾರವನ್ನು ತಾನೇ ಎಣಿಸಿ ತೋರಿಸಬೇಕಾಗಿ ಬಂದುದು ಆ ಜನಕ್ಕೂ ಶೋಭೆಯಲ್ಲ, ಆತನಿಗೂ ಶೋಭೆಯಲ್ಲ.

ಪಂದ್ಯಕ್ಕೆ ಕೆಲವು ದಿನಗಳ ಮುಂಚೆ ತರುಣನು ಮಾವನೊಡನೆ ದೂರವಾಣಿಯಲ್ಲಿ ಮಾತಾಡುತ್ತ ಈ ಸಂಕಟವನ್ನು ಹೇಳಿಕೊಂಡನು.

“ಎಂತಕ್ಕೆ ಸಿಟ್ಟು ನಿನಗೆ? ಎದುರಿನವನಾದ ಎಂದೋ?” ಎಂದು ಮಾವನು ಕೇಳಿದನು.

“ಎದುರಿನವರಾದದ್ದಕ್ಕಲ್ಲ ಮಾವ. ಹೊಟ್ಟೆಪಾಡು, ಎಲ್ಲಿಯಾದರೂ ಹೋಗಲೇಬೇಕಲ್ಲ.”

“ಹಾಗಾದರೆ ಹೋಗುವಾಗ ನಿನಗೆ ಹೇಳಿ ಹೋಗಲಿಲ್ಲ ಎಂದು ಸಿಟ್ಟು. ಅದನ್ನು ಒಪ್ಪಿಕೋ ಮಾರಾಯ.”

ತರುಣನು ನಕ್ಕನು, ಆದರೆ ಅಲ್ಲವೆನ್ನಲಿಲ್ಲ. ಮಾವನು ತನ್ನ ಪ್ರಾಯದ ಕಾಲದ ಒಂದು ಜೋಡಾಟವನ್ನು ನೆನೆದನು. ಜೋಡಾಟವೆಂದರೆ ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಇಲ್ಲಿ ಕರ್ಣನು ಬಂದಾಗ ಅಲ್ಲಿಯೂ ಕರ್ಣ. ಜನರು ನಡುವೆ ಕುಳಿತು, ಯಾವ ಕಡೆ ಆಟ ಏರಿತೋ ಆ ಕಡೆಗೆ ಮುಖ ತಿರುಗಿಸುವರು. ರಾತ್ರಿ ಕಳೆದಂತೆ ಒಂದು ಕಡೆ ಜನ ಗುಂಪುಗೂಡಿ ಇನ್ನೊಂದು ಕಡೆ ನೆಲ ಕಾಣತೊಡಗಿದರೆ ಅದೇ ತೀರ್ಪು, ಬೇರೆ ಪಂಚರು ಬೇಡ. ಆ ವರ್ಷ ಮಾವನ ಮೆಚ್ಚಿನ ಭಾಗವತರು ಅವನ ಮೆಚ್ಚಿನ ಮೇಳವನ್ನು ಬಿಟ್ಟು ಎದುರಿನ ಮೇಳವನ್ನು ಸೇರಿದ್ದರು. ಮಾವನು ಹಟದಿಂದ ತನ್ನ ಮೇಳದ ಕಡೆಗೇ ಮುಖ ಮಾಡಿ ಕುಳಿತನು. ಮುಖವೇನೋ ಕೇಳಿತು, ಕಿವಿ ಕೇಳಲಿಲ್ಲ. ತನ್ನ ಕಡೆಯ ಚೆಂಡೆ ಸ್ವಲ್ಪ ತಗ್ಗಿದಾಗಲೆಲ್ಲ ಎದುರಿನ ಪದ್ಯ ತೇಲಿ ಬರುತ್ತಿತ್ತು. ಆ ಪದ್ಯ ಚೆನ್ನಾಗಿ ಬಂದರೆ ಹೊಟ್ಟೆಯುರಿ. ಎಲ್ಲಿಯಾದರೂ ಸ್ವರ ಜಾರಿದರೆ ತನ್ನದೇ ಮರ್ಯಾದೆ ಹೋದಂತೆ ಎದೆ ಧಸಕ್ಕೆನ್ನುವುದು. ಬೆಳಗಾಗಿ ಮಂಗಳಪದ್ಯವಾದ ಮೇಲೆ ಮಾವನು ಎದುರಿನ ಚೌಕಿಗೆ ಹೋಗಿ ಭಾಗವತರಿಗೆ ಕೈಮುಗಿದನು. ಅವರು ಬಿಸಿನೀರು ಕುಡಿಯುತ್ತ, ಒಡೆದ ಸ್ವರದಲ್ಲಿ, “ನಮ್ಮ ಮೇಳದ್ದು ಹೇಗಾಯಿತು?” ಎಂದು ಕೇಳಿದರು.

“ಯಾವ ಮೇಳವನ್ನು ಕೇಳಿದ್ದು?” ಎಂದನು ತರುಣನು.

“ಅದೇ ತಿಳಿಯಲಿಲ್ಲ ನನಗೆ. ನಾ ಒಳ್ಳೆಯದಾಯಿತು ಅಂದೆ.”

ಅಕ್ಟೋಬರ್ 4ರ ಸಂಜೆ ತರುಣನು ಎಂದಿನ ಸ್ಥಳದಲ್ಲಿ ನಿಂತನು. ಕ್ವಾದ್ರಾತರು ಹೊರಗೆ ಬಂದು, ತಾವು ಅಷ್ಟು ವರ್ಷ ನಿಂತ ಕಡೆಯನ್ನು ಬಿಟ್ಟು ಅತಿಥಿಗಳ ಆಸನದತ್ತ ನಡೆದರು. ತರುಣನು ಚಪ್ಪಾಳೆ ತಟ್ಟಿದನು. ಪಕ್ಕದ ಗೆಳೆಯನು ಕೈಕಟ್ಟಿಕೊಂಡೇ ಇದ್ದನು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮೂರು ವರ್ಷ ಏಳು ತಿಂಗಳು ಜಗುಲಿಯಲ್ಲಿದ್ದ ಚಪ್ಪಲಿಯನ್ನು ಯಾರೋ ಬಂದು ಮೆಟ್ಟಿಕೊಂಡಂತಾಯಿತೆಂದು ತರುಣನು ಆಮೇಲೆ ಹೇಳಿದನು.

ಆಟ ಆರಂಭವಾಗಿ ಕಾಲು ಗಂಟೆಯಾಗುವಷ್ಟರಲ್ಲಿ ನವೊರೆಂ ಮಹೇಶ್ ಸಿಂಗ್ ಈಸ್ಟ್ ಬೆಂಗಾಲಿಗೆ ಗೋಲು ಹೊಡೆದನು. ಅಲ್ಲಿಗೆ ಸೌಜನ್ಯವೆಲ್ಲ ಮುಗಿಯಿತು. ಚಪ್ಪಾಳೆ ತಟ್ಟಿದ ಆ ಕೈಗಳೇ ತಲೆಯ ಮೇಲೆ ಹೋದವು. ‘ನಮ್ಮ ಗುಟ್ಟೆಲ್ಲ ಗೊತ್ತಲ್ಲ ಇವರಿಗೆ’ ಎಂದು ಹಿಂದಿನಿಂದ ಯಾರೋ ಹಲ್ಲುಕಡಿದರು. ಇಪ್ಪತ್ತೊಂದನೆಯ ನಿಮಿಷದಲ್ಲಿ ಚೆಟ್ರಿ ಪೆನಾಲ್ಟಿಯಿಂದ ಸರಿಗಟ್ಟಿದನು. ಅಲ್ಲಿಂದ ಐವತ್ತು ನಿಮಿಷ ಲೆಕ್ಕ ಹಾಗೆಯೇ ನಿಂತಿತು. ಆ ನಡುವೆ ತರುಣನ ತಲೆಯಲ್ಲಿ, ಹೀಗೇ ಒಂದೊಂದರಲ್ಲಿ ಮುಗಿದರೆ ಯಾರಿಗೂ ನೋವಿಲ್ಲವಲ್ಲ ಎಂಬ ಒಂದು ಆಲೋಚನೆ ಸುಳಿದುಹೋಯಿತು. ತನ್ನ ಮೈದಾನದಲ್ಲಿ, ತನ್ನ ಬಣ್ಣ ತೊಟ್ಟು, ಸಮವಾಗಲಿ ಎಂದುಕೊಂಡದ್ದು ಅವನ ಜೀವಮಾನದಲ್ಲಿ ಅದೊಂದೇ ಸಲ. ಅದನ್ನು ಗೆಳೆಯನಿಗೆ ಹೇಳುವ ಧೈರ್ಯವಾಗಲಿಲ್ಲ. ಎಪ್ಪತ್ತೆರಡನೆಯ ನಿಮಿಷದಲ್ಲಿ ಹಾವಿ ಹೆರ್ನಾಂಡೆಸ್ ಗೋಲಿಗೆ ಬೆನ್ನು ಮಾಡಿ ಗಾಳಿಯಲ್ಲಿ ಅಡ್ಡವಾಗಿ ಮಲಗಿ, ತಲೆಯ ಮೇಲಿಂದ ಹಿಂದಕ್ಕೆ ಒದ್ದನು, ಚೆಂಡು ಬಲೆಯೊಳಗಾಯಿತು. ಅಂತಹ ಗೋಲನ್ನು ಕಂಡವರು ಮೊದಲು ಕೂಗುತ್ತಾರೆ, ಯೋಚನೆ ಆಮೇಲಿನದು. ತರುಣನು ಕೂಗಿದನು, ಗೆಳೆಯನನ್ನು ಅಪ್ಪಿಕೊಂಡನು, ಆ ಸಮದ ಆಲೋಚನೆ ಎಲ್ಲಿ ಬಿದ್ದುಹೋಯಿತೋ ತಿಳಿಯದು. 2–1. ಬೆಂಗಳೂರಿಗೆ ಆ ವರ್ಷದ ಮೊದಲ ಗೆಲವು.

ರಾತ್ರಿ ಮಾವನಿಗೆ ಸುದ್ದಿ ಮುಟ್ಟಿಸಿದಾಗ ಅವನು ಕೇಳಿದ್ದು ಒಂದೇ: “ರಿಯಾಯಿತಿ ತೋರಿಸಲಿಲ್ಲವಷ್ಟೆ?” ಜೋಡಾಟದಲ್ಲಿ ಎದುರಿನ ಭಾಗವತನಿಗೆ ರಿಯಾಯಿತಿ ತೋರಿಸುವುದಕ್ಕಿಂತ ದೊಡ್ಡ ಅವಮಾನವಿಲ್ಲವೆಂಬುದು ಮಾವನ ಸಿದ್ಧಾಂತ. ಗೆಲ್ಲುವುದನ್ನು ಕಲಿಸಿದವನು, ಕಲಿತವರು ತನ್ನೆದುರು ಅದನ್ನು ಮರೆತರೆ ಹಿಗ್ಗುವನೇ?

ಆ ಚಳಿಗಾಲದಲ್ಲಿಯೇ, 2024ರ ಜನವರಿ 28ರಂದು, ಕ್ವಾದ್ರಾತರ ಈಸ್ಟ್ ಬೆಂಗಾಲ್ ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3–2ರಿಂದ ಸೋಲಿಸಿ ಸೂಪರ್ ಕಪ್ಪನ್ನು ಗೆದ್ದಿತು. ಹನ್ನೆರಡು ವರ್ಷಗಳ ಬಳಿಕ ಆ ಕ್ಲಬ್ಬಿಗೆ ದೊರೆತ ರಾಷ್ಟ್ರಮಟ್ಟದ ಕಪ್ಪು. ಅದನ್ನು ಕೇಳಿ ತರುಣನಿಗೆ ಸಂತೋಷವೇ ಆಯಿತು. ಬೆಂಗಳೂರು ಆ ವರ್ಷ ಏನನ್ನೂ ಗೆಲ್ಲುವಂತಿರಲಿಲ್ಲವಾದುದರಿಂದ ಸಂತೋಷದ ಅಂಚಿನಲ್ಲಿ ಸ್ವಲ್ಪ ಹುಳಿಯೂ ಇತ್ತು.

ಇಷ್ಟು ಸುಲಭವಾಗಿ ಮನಸ್ಸು ಹದಕ್ಕೆ ಬಾರದ ಸಂದರ್ಭವೂ ಅದೇ ವಸಂತದಲ್ಲಿ ಒದಗಿತು. ಮೊದಲ ತರಬೇತುದಾರ ವೆಸ್ಟ್‌ವುಡ್ಡರು ಆಗ ಆಫ್ಘಾನಿಸ್ತಾನದ ತಂಡಕ್ಕೆ ಗುರುಗಳು. ಮಾರ್ಚ್ 26ರಂದು ಗುವಾಹಾಟಿಯಲ್ಲಿ, ವಿಶ್ವಕಪ್ಪಿನ ಅರ್ಹತೆಗಾಗಿ, ಭಾರತದೊಡನೆ ಪಂದ್ಯ. ಚೆಟ್ರಿಗೆ ಅದು ದೇಶದ ಪರವಾಗಿ ನೂರೈವತ್ತನೆಯದು, ಗೋಲನ್ನೂ ಹೊಡೆದನು. ಆದರೆ ಭಾರತವು 2–1ರಿಂದ ಸೋತಿತು. ಬೆಂಗಳೂರಿನಲ್ಲಿ ಚೆಟ್ರಿಯ ಕೈಗೆ ಮೊದಲ ಕಿರೀಟವನ್ನು ಕೊಡಿಸಿದವರೇ ಅವನ ಹಬ್ಬದ ದಿನವನ್ನು ಕೆಡಿಸಿದರು. ಮುಂದೆ 2025ರ ಜೂನ್ 10ರಂದು ಹಾಂಗ್‌ಕಾಂಗಿನ ಗುರುಗಳಾಗಿ ಅದೇ ವೆಸ್ಟ್‌ವುಡ್ಡರು ಭಾರತವನ್ನು ಮತ್ತೊಮ್ಮೆ, ಕೊನೆಯ ಗಳಿಗೆಯ ಪೆನಾಲ್ಟಿಯಿಂದ, ಸೋಲಿಸಿದರು. ಊರಿನ ತಂಡ ಬೇರೆ, ದೇಶ ಬೇರೆ. ಈ ಎರಡು ಸೋಲುಗಳಲ್ಲಿ ತರುಣನಿಗೆ ಯಾವ ಮಾಧುರ್ಯವೂ ಕಾಣಲಿಲ್ಲ. ಮಾವನ ಜೋಡಾಟದ ಕಥೆಯೂ ಇಲ್ಲಿ ಕೈಹಿಡಿಯಲಿಲ್ಲ. ಅಭಿಮಾನಕ್ಕೆ ಎಲ್ಲ ಕಡೆಯೂ ಒಂದೇ ಅಳತೆಗೋಲು ಇರಬೇಕೆಂದು ಯಾರೂ ವಿಧಿಸಿಲ್ಲವಷ್ಟೆ.

ಕ್ವಾದ್ರಾತರು ಕಂಠೀರವಕ್ಕೆ ಎರಡನೆಯ ಸಲ ಎದುರಾಳಿಯಾಗಿ ಬಂದದ್ದು 2024ರ ಸೆಪ್ಟೆಂಬರ್ 14ರಂದು. ಈ ಸಲ ಗದ್ದಲವಿಲ್ಲ, ಪಕ್ಷಗಳಿಲ್ಲ. ಬೆಂಗಳೂರಿನ ಕಿರಿಯ ಹುಡುಗ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿನಿಂದ ನೀಲಿಯವರು ಗೆದ್ದರು. ಬಳಿಕ ಈಸ್ಟ್ ಬೆಂಗಾಲ್ ಕೊಚ್ಚಿಯಲ್ಲಿ ಕೇರಳದವರಿಗೆ ಸೋತಿತು. ಕೊಲ್ಕತ್ತೆಯಲ್ಲಿ ಗೋವೆಯವರಿಗೆ ಸೋತಿತು. ಲೀಗಿನಲ್ಲಿ ಸಾಲಾಗಿ ಮೂರು. ಸೆಪ್ಟೆಂಬರ್ 30ರಂದು ಕ್ವಾದ್ರಾತರು ರಾಜೀನಾಮೆ ಕೊಟ್ಟರು.

ಸುದ್ದಿಯನ್ನು ಓದಿದಾಗ ತರುಣನಿಗೆ ಮೊದಲು ಉಂಟಾದದ್ದು ಒಂದು ಸಣ್ಣ ತೃಪ್ತಿ: ಆ ಮೂರರಲ್ಲಿ ಮೊದಲನೆಯ ಏಟು ತಮ್ಮದು. ಆ ತೃಪ್ತಿ ಊಟದವರೆಗೂ ಉಳಿಯಲಿಲ್ಲ. ರಾತ್ರಿ ಅವನು ಊರಿಗೆ ಮಾತಾಡಿದನು.

“ಮಾವ, ನಮ್ಮ ಭಾಗವತರು ಅಲ್ಲಿಂದಲೂ ಹೊರಟರು.”

“ಎಂತಕ್ಕೆ?”

“ಸಾಲಾಗಿ ಮೂರು ಸೋತರು.”

“ಮೂರಕ್ಕೇಯೋ? ಕಪ್ಪು ಗೆದ್ದುಕೊಟ್ಟು ವರ್ಷವಾಗಲಿಲ್ಲವಲ್ಲ?”

“ಎಂಟು ತಿಂಗಳು.”

ಮಾವನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಹೊರಗೆ ಮಳೆ ಬೀಳುತ್ತಿದ್ದ ಸಪ್ಪಳ ದೂರವಾಣಿಯಲ್ಲಿ ಕೇಳುತ್ತಿತ್ತು. ಬಳಿಕ ಅವನು, “ಈ ಸಲ ಜನ ಇದ್ದರಲ್ಲ ಮೈದಾನದಲ್ಲಿ?” ಎಂದು ಕೇಳಿದನು.

“ಇದ್ದರು ಮಾವ.”

“ಹಾಗಾದರೆ ಆಯಿತು,” ಎಂದನು ಮಾವನು.